ಜತ್ತದ ಮಣೂಕ, ಮಿಲ್ಡುರಾದ ಎಣ್ಣೆ

ಮಾರ್ಚ್ ತಿಂಗಳಲ್ಲಿ ಜತ್ತದಿಂದ ಉಮದಿಯ ಕಡೆಗೆ ಹೊರಟವರಿಗೆ ಮೊದಲು ಕಾಣುವುದು ಬರ. ಜೋಳ ಕಿತ್ತ ಹೊಲ, ಜಾಲಿಯ ಗಿಡ, ಉಬ್ಬುಮೂಗಿನ ಮಾಡಗ್ಯಾಳ ಕುರಿಗಳ ಹಿಂಡು. ಅದರ ನಡುನಡುವೆ ಎದ್ದು ಕಾಣುವ ಹಸಿರೆಂದರೆ ದ್ರಾಕ್ಷಿ ಪಡ. ಪಡದ ಪಕ್ಕದಲ್ಲೋ ಊರ ಹೊರಗಿನ ಬಯಲಲ್ಲೋ ಕಬ್ಬಿಣದ ಕಂಬಗಳ ಉದ್ದನೆಯ ಶೆಡ್ಡು. ಅದಕ್ಕೆ ಗೋಡೆಯಿಲ್ಲ, ಸುತ್ತ ಇಳಿಬಿಟ್ಟ ಪರದೆ, ಒಳಗೆ ಒಂದರ ಮೇಲೊಂದು ಹಾಸಿದ ಜಾಳಿಗೆ. ಆ ಜಾಳಿಗೆಯ ಮೇಲೆ ಟನ್ನುಗಟ್ಟಲೆ ದ್ರಾಕ್ಷಿ ನೆರಳಿನಲ್ಲೇ ಒಣಗುತ್ತಿರುತ್ತದೆ.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವ ತುದಿಯ ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಸಹ್ಯಾದ್ರಿಯ ಮಳೆನೆರಳಿನ ಸೀಮೆ ಇದು. ಮಳೆ ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು, ಅದೂ ನಂಬಿಕೆಗೆ ಅರ್ಹವಲ್ಲ. ಆದರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೀಸುವ ಇಲ್ಲಿಯ ಒಣಗಾಳಿ ಒಣದ್ರಾಕ್ಷಿಗೆ, ಇಲ್ಲಿಯವರ ಮಾತಿನಲ್ಲಿ ಮಣೂಕಕ್ಕೆ, ಬೇಕಾದ್ದೇ. ಉಳಿದ ಬೆಳೆಗೆ ಶಾಪವಾದದ್ದು ಮಣೂಕಕ್ಕೆ ಬಂಡವಾಳವಾಯಿತು. 2016ರಲ್ಲಿ ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸರ್ಕಾರಿ ದಾಖಲೆಯಲ್ಲಿ ಇದು ಅಪ್ಪಟ ಇಲ್ಲಿಯ ಸರಕು. ಅಪ್ಪಟ ಹೌದು, ಆದರೆ ಇದರ ಒಂದೊಂದು ಪದಾರ್ಥದ ಮೂಲ ಕೆದಕಿದರೆ ನಾಲ್ಕು ಖಂಡ ಸುತ್ತಬೇಕಾಗುತ್ತದೆ.

ಶೆಡ್ಡಿನ ಬಾಗಿಲಲ್ಲೇ ಮೊದಲ ಪರದೇಶಿ ಎದುರಾಗುತ್ತಾನೆ. ಕಟಾವು ಮಾಡಿ ತಂದ ಗೊನೆಗಳನ್ನು ಕ್ರೇಟಿಗೆ ತುಂಬಿ, ಹಾಲಿನಂತೆ ಬೆಳ್ಳಗಿರುವ ದ್ರಾವಣದಲ್ಲಿ ಅದ್ದುತ್ತಾರೆ. ಬೆಳೆಗಾರರ ಬಾಯಲ್ಲಿ ಅದು ‘ಡಿಪ್ಪಿಂಗ್ ಆಯಿಲ್’. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್. ಅದ್ದುವುದು ಎರಡರಿಂದ ಐದಾರು ನಿಮಿಷ, ಅಷ್ಟೇ. ದ್ರಾಕ್ಷಿಯ ಸಿಪ್ಪೆಯ ಮೇಲೆ ನೀರನ್ನು ಒಳಗೇ ಹಿಡಿದಿಡುವ ಮೇಣದ ಪದರವಿದೆ. ದ್ರಾವಣ ಸಿಪ್ಪೆಯನ್ನು ಒಡೆಯದೆ ಆ ಮೇಣದ ಜೋಡಣೆಯನ್ನಷ್ಟೇ ಸಡಿಲಿಸಿ, ನೀರಿನಂಶ ಹೊರಬರಲು ದಾರಿ ಮಾಡುತ್ತದೆ. ಅದ್ದಿದ ಹಣ್ಣು ಸುಮಾರು ಹದಿನೈದು ದಿನಕ್ಕೆ ಒಣಗಿ ಮಣೂಕವಾಗುತ್ತದೆ. ಅದ್ದದಿದ್ದರೆ ತಿಂಗಳ ಹತ್ತಿರ ಕಾಯಬೇಕು, ಬಣ್ಣವೂ ಕಪ್ಪಗಾಗುತ್ತದೆ. ನಾಲ್ಕು ಕಿಲೊ ಹಸಿ ಹಣ್ಣಿಗೆ ಹೆಚ್ಚು ಕಡಿಮೆ ಒಂದು ಕಿಲೊ ಮಣೂಕ.

ಈ ಅದ್ದುವ ವಿದ್ಯೆ ಈ ರೂಪದಲ್ಲಿ ಬಂದದ್ದು ಆಸ್ಟ್ರೇಲಿಯಾದಿಂದ. ಅಲ್ಲಿಯ ಮರ್ರೆ ನದಿಯ ದಂಡೆಯ ಮಿಲ್ಡುರಾ ಕೂಡ ಒಂದು ಕಾಲಕ್ಕೆ ಜತ್ತದಂಥದೇ ಒಣ ಸೀಮೆ. 1887ರಲ್ಲಿ ಕೆನಡಾ ಮೂಲದ ಚಾಫೀ ಸಹೋದರರು ಅಲ್ಲಿ ನೀರಾವರಿ ವಸಾಹತು ಕಟ್ಟಿದ ಮೇಲೆ ದ್ರಾಕ್ಷಿ ಬೇರೂರಿತು. ಪಕ್ಕದ ಮೆರ್ಬೀನ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1960ರ ದಶಕದಲ್ಲಿ ಸಿಪ್ಪೆಯ ಮೇಣದ ರಸಾಯನವನ್ನು ಬಿಡಿಸಿ ನೋಡಿದರು. ಹಾಗಂತ ಆಸ್ಟ್ರೇಲಿಯನ್ನರೇ ಇದನ್ನು ಕಂಡುಹಿಡಿದರು ಎಂದರೆ ತಪ್ಪಾದೀತು. ಗ್ರೀಸ್, ತುರ್ಕಿ ಕಡೆಯ ರೈತರು ಬೂದಿಯ ನೀರಿಗೆ ಆಲಿವ್ ಎಣ್ಣೆ ಬೆರೆಸಿ ದ್ರಾಕ್ಷಿ ಅದ್ದುವುದು ಹಳೆಯ ರೂಢಿ. ಒಂದನೇ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ ಕೂಡ ಇದನ್ನು ಬರೆದಿಟ್ಟಿದ್ದಾನೆ. ಬೂದಿಯ ನೀರಿನ ಜಾಗಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್, ಆಲಿವ್ ಎಣ್ಣೆಯ ಜಾಗಕ್ಕೆ ಓಲಿಯೇಟ್ ಬಂತು. ಸೂತ್ರ ಎರಡು ಸಾವಿರ ವರ್ಷದ್ದೇ.

ಶೆಡ್ಡಿಗೂ ದೂರದ ನೆಂಟರಿದ್ದಾರೆ. ಅಫ್ಘಾನಿಸ್ತಾನದ ಕಿಶ್‌ಮಿಶ್‌ಖಾನಾ, ಚೀನಾದ ತುರ್ಪಾನಿನ ತೂತುಗೋಡೆಯ ಮಣ್ಣಿನ ಮನೆಗಳು ಇದೇ ಕೆಲಸ ಮಾಡುತ್ತವೆ: ಬಿಸಿಲನ್ನು ಹೊರಗಿಟ್ಟು ಗಾಳಿಯನ್ನು ಒಳಗೆ ಬಿಡುವುದು. ಹಸಿರು ಮಣೂಕ ಬೇಕೆಂದರೆ ನೆರಳು ಬೇಕೇ ಬೇಕು. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಸಾಲುಗಳ ನಡುವೆ ಕಾಗದ ಹಾಸಿ ಬಿಸಿಲಿಗೇ ಹರಡುವುದು ಹಳೆಯ ಪದ್ಧತಿ. ಅಲ್ಲಿಯ ಮಣೂಕ ಕಂದುಗಪ್ಪು. ನಮ್ಮ ಪೇಟೆಗೆ ಹಸಿರೂ ಹೊಂಬಣ್ಣವೂ ಹೆಚ್ಚು ಪ್ರಿಯ. ಹಾಗಾಗಿ ಜತ್ತದವರು ಆಸ್ಟ್ರೇಲಿಯಾದ ಎಣ್ಣೆಯನ್ನು ಏಷ್ಯಾದ ನೆರಳಿಗೆ ತಂದು ಕೂಡಿಸಿದರು. ಬಣ್ಣ ಕಾಯಲು ಗಂಧಕದ ಹೊಗೆಯನ್ನೂ ಕೊಡುತ್ತಾರೆ. ಅದು ಅತಿಯಾದರೆ ರುಚಿಯೂ ಕೆಡುತ್ತದೆ, ರಫ್ತೂ ಕೆಡುತ್ತದೆ.

ಇನ್ನು ಬಳ್ಳಿಯ ಕತೆ. ಈ ಭಾಗದ ಹಳೆಯ ಆಸರೆ ಥಾಮ್ಸನ್ ಸೀಡ್‌ಲೆಸ್. ಮಧ್ಯ ಏಷ್ಯಾದಲ್ಲಿ ಕಿಶ್‌ಮಿಶ್, ತುರ್ಕಿಯಲ್ಲಿ ಸುಲ್ತಾನಾ ಎನಿಸಿಕೊಂಡಿದ್ದ ಬೀಜವಿಲ್ಲದ ದ್ರಾಕ್ಷಿ ಇದು. 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಯೂಬಾ ಸಿಟಿಯ ಬಳಿ ಇದನ್ನು ಬೆಳೆಸಿ ಹರಡಿದ ವಿಲಿಯಂ ಥಾಮ್ಸನ್‌ನ ಹೆಸರು ಅದಕ್ಕೆ ಅಂಟಿತು. ತಾಸಗಾಂವ ತಾಲ್ಲೂಕಿನ ಬೋರಗಾಂವದ ವಸಂತರಾವ್ ಆರ್ವೆ ಇದೇ ಥಾಮ್ಸನ್ ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಆರಿಸಿ ‘ತಾಸ್-ಎ-ಗಣೇಶ್’ ಮಾಡಿದರು. ಸೋಲಾಪುರ ಬಳಿಯ ನಾನ್ನಜದ ನಾನಾಸಾಹೇಬ್ ಕಾಳೆ ‘ಸೊನಾಕಾ’ ಕೊಟ್ಟರು. ಇಬ್ಬರೂ ರೈತರು, ಪ್ರಯೋಗಾಲಯದವರಲ್ಲ. ಪುಣೆಯ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಆರಂಭವಾದದ್ದು 1997ರಲ್ಲಿ. ಬೆಳೆಗಾರರು ತಮ್ಮ ಸಂಘವನ್ನು ಅದಕ್ಕೂ ಮುಂಚೆ, 1960ರಲ್ಲೇ ಕಟ್ಟಿಕೊಂಡಿದ್ದರು. ಪರದೇಶದ ವಿದ್ಯೆ ಕೃಷಿ ಸಂಸ್ಥೆಗಳಿಂದ ಇಳಿದು ಬಂತು ಎಂಬ ಪಾಠಪುಸ್ತಕದ ಮಾತು ದ್ರಾಕ್ಷಿಯ ಮಟ್ಟಿಗೆ ಅರ್ಧ ಸತ್ಯ.

ಬಳ್ಳಿ ಮೇಲೆ ಏಷ್ಯಾದ್ದು, ಬುಡ ಟೆಕ್ಸಾಸ್‌ನದು. ಜತ್ತದ ಕೊಳವೆಬಾವಿಗಳ ಸವುಳು ನೀರಿಗೆ ಥಾಮ್ಸನ್ ತಾನಾಗಿ ತಾಳುವುದಿಲ್ಲ. ಅದಕ್ಕೇ ಫೆಬ್ರುವರಿ-ಮಾರ್ಚಿನಲ್ಲಿ ‘ಡಾಗ್‌ರಿಡ್ಜ್’ ಬೇರುಸಸಿ ನೆಟ್ಟು, ಮಳೆಗಾಲದ ಕೊನೆಗೆ ಹೊಲದಲ್ಲೇ ಅದಕ್ಕೆ ಕಸಿ ಕಟ್ಟುತ್ತಾರೆ. ಡಾಗ್‌ರಿಡ್ಜ್ ಟೆಕ್ಸಾಸ್‌ನ ಕಾಡುದ್ರಾಕ್ಷಿಯ ಕುಲದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ತೋಟಗಳನ್ನು ತಿಂದು ಹಾಕಿದಾಗ, ಆ ನಾಡನ್ನು ಉಳಿಸಿದ್ದು ಇಂಥ ಅಮೆರಿಕನ್ ಬೇರುಗಳೇ. ಟೆಕ್ಸಾಸ್‌ನ ಡೆನಿಸನ್ ಊರಿನ ಟಿ.ವಿ. ಮನ್ಸನ್ ಎಂಬ ತಜ್ಞನಿಗೆ ಅದಕ್ಕಾಗಿ 1888ರಲ್ಲಿ ಫ್ರೆಂಚ್ ಸರ್ಕಾರ ಗೌರವವನ್ನೂ ಕೊಟ್ಟಿತು. ಫ್ರಾನ್ಸಿನಲ್ಲಿ ಹೇನಿಗೆ ಮದ್ದಾದ ಅಮೆರಿಕದ ಬೇರು ಜತ್ತದಲ್ಲಿ ಉಪ್ಪಿಗೂ ಬರಕ್ಕೂ ಮದ್ದು. ಬುಡಕ್ಕೆ ನೀರು ಹನಿಸುವ ಡ್ರಿಪ್ ಪೈಪೂ ಹೊರಗಿನದೇ: ಇಸ್ರೇಲಿನ ಹಟ್ಜೆರಿಮ್ ಕಿಬ್ಬುಟ್ಜ್ 1965ರಲ್ಲಿ ಅದನ್ನು ಉದ್ಯಮವಾಗಿಸಿತು, ಆಮೇಲೆ ಜಳಗಾಂವದ ಕಾರ್ಖಾನೆಗಳು ಮಹಾರಾಷ್ಟ್ರದ ಹೊಲಹೊಲಕ್ಕೂ ಮುಟ್ಟಿಸಿದವು.

ಎಲ್ಲ ಪರದೇಶಿಯೂ ಇಷ್ಟು ಸೌಮ್ಯನಲ್ಲ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಆದ ಕೂಡಲೇ ಕಣ್ಣುಗಳು ಒಟ್ಟಿಗೇ ಒಡೆಯಲೆಂದು ಕೂಲಿಕಾರರು ಕಡ್ಡಿಗಳಿಗೆ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಜರ್ಮನಿಯ ಟ್ರೋಸ್ಟ್‌ಬರ್ಗಿನ ಕಂಪನಿ ‘ಡಾರ್ಮೆಕ್ಸ್’ ಹೆಸರಿನಲ್ಲಿ ಅದನ್ನು ಜಗತ್ತಿಗೆ ಮಾರಿತು. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಹಚ್ಚಿದವರು ಹಿಂದೆಮುಂದೆ ಮದ್ಯ ಮುಟ್ಟಿದರೆ ಮುಖ ಕೆಂಪೇರಿ ಉಸಿರು ಕಟ್ಟುವಷ್ಟು ತೊಂದರೆ. ಇದರಲ್ಲಿ ಒಂದು ವಿಪರ್ಯಾಸವಿದೆ: ಯುರೋಪ್ ಒಕ್ಕೂಟ 2008ರಲ್ಲಿ ಸಯನಮೈಡನ್ನು ತನ್ನ ಒಪ್ಪಿತ ಪಟ್ಟಿಗೆ ಸೇರಿಸಲಿಲ್ಲ. ತಮ್ಮ ಹೊಲಕ್ಕೆ ಬೇಡವಾದದ್ದು ನಮ್ಮ ಕೈಗವಸಿಲ್ಲದ ಕೈಗಳಲ್ಲಿ ಉಳಿದಿದೆ. ಇದಕ್ಕೆ ಕಂಪನಿಯನ್ನಷ್ಟೇ ದೂರಿದರೆ ಸಾಲದು. ಕೈಗವಸು ಕೊಡಿಸದ ತೋಟದ ಮಾಲೀಕರಿಗೂ ಪಾಲಿದೆ.

ಕೊಳ್ಳುವ ಯುರೋಪ್ ಇನ್ನೊಂದು ಪಾಠ ಕಲಿಸಿತು. 2010ರಲ್ಲಿ ಭಾರತದ ತಾಜಾ ದ್ರಾಕ್ಷಿಯಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಶೇಷ ಸಿಕ್ಕಿ ಕಂಟೇನರ್‌ಗಳು ಬಂದರಿನಲ್ಲೇ ನಿಂತವು. ಬಳ್ಳಿಯ ಅತಿ ಬೆಳವಣಿಗೆ ತಡೆಯಲು ಬೆಳೆಗಾರರು ‘ಲಿಹೋಸಿನ್’ ಎಂದು ವರ್ಷಗಟ್ಟಲೆ ಸಿಂಪಡಿಸುತ್ತ ಬಂದ ವಸ್ತುವೇ ಅದು. ಬಿದ್ದ ಪೆಟ್ಟು ಜೋರಾಗಿತ್ತು. ಯಾವ ಪಡದ ಹಣ್ಣು ಯಾವ ಪೆಟ್ಟಿಗೆಯಲ್ಲಿದೆ ಎಂದು ಹಿಂದಕ್ಕೆ ಹುಡುಕಬಲ್ಲ ‘ಗ್ರೇಪ್‌ನೆಟ್’ ವ್ಯವಸ್ಥೆ 2006ರಿಂದಲೇ ಇತ್ತು. ಅದರ ಬೆಲೆ ಬೆಳೆಗಾರರಿಗೆ ಅರ್ಥವಾದದ್ದು ಆ ವರ್ಷ. ಸಿಂಪಡಣೆಯ ದಿನಚರಿ ಬರೆದಿಡುವ ಅಭ್ಯಾಸ ಹಬ್ಬಿತು. ಮಣೂಕ ಬಹುಪಾಲು ದೇಶದೊಳಗೇ ಮಾರಾಟವಾಗುತ್ತದೆ ನಿಜ. ಆದರೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಬೀಜರಹಿತ ಮಣೂಕದ ತೇವಾಂಶ ಶೇ 18 ಮೀರಬಾರದು ಎನ್ನುತ್ತದೆ; ತೇವ ಉಳಿದ ಸರಕು ಕೋಲ್ಡ್ ಸ್ಟೋರೇಜಿನಲ್ಲೂ ಬಾಳುವುದಿಲ್ಲ ಎಂಬುದು ಇಲ್ಲಿಯವರಿಗೂ ಗೊತ್ತು.

ಒಣಗಿದ ಮೇಲಿನ ಕೆಲಸ ಪೂರಾ ಇಲ್ಲಿಯದು. ಜಾಳಿಗೆ ಅಲುಗಾಡಿಸಿ ಉದುರಿಸುತ್ತಾರೆ, ಯಂತ್ರಕ್ಕೆ ಹಾಕಿ ಕಡ್ಡಿ ಬಿಡಿಸುತ್ತಾರೆ, ಹೆಣ್ಣುಮಕ್ಕಳು ಸಾಲಾಗಿ ಕೂತು ಬಣ್ಣ ಗಾತ್ರ ನೋಡಿ ಬೇರ್ಪಡಿಸುತ್ತಾರೆ. ಈ ಹೆಣ್ಣುಮಕ್ಕಳ ಕಣ್ಣಿನಷ್ಟು ಚುರುಕು ಶೆಡ್ಡಿನಲ್ಲಿ ಬೇರಾವುದೂ ಇಲ್ಲ. 15 ಕಿಲೊ ಬಾಕ್ಸಾಗಿ ಸರಕು ತಾಸಗಾಂವ, ಸಾಂಗಲಿ ಪೇಟೆಯ ಲಿಲಾವಿಗೆ ಹೋಗುತ್ತದೆ. ವಿಜಯಪುರ ಜಿಲ್ಲೆಯ ಬೆಳೆಗಾರರೂ ಅಲ್ಲಿಗೇ ಒಯ್ಯುತ್ತಾರೆ. ಮಣೂಕಕ್ಕೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಇಷ್ಟೆಲ್ಲ ಆಗುವ ಮುಂಚೆ ಮಾರ್ಚ್-ಏಪ್ರಿಲಿನಲ್ಲಿ ಒಂದು ಅಕಾಲ ಮಳೆ ಬಿದ್ದರೆ ಪರದೆ ಇಳಿಬಿಟ್ಟರೂ ಶೆಡ್ಡಿನೊಳಗೆ ತೇವ ನುಗ್ಗಿ, ವರ್ಷದ ದುಡಿಮೆ ಕಪ್ಪುಗಟ್ಟುತ್ತದೆ.

ಗಡಿ ಲೆಕ್ಕಕ್ಕೆ ಬರುವುದು ಮಾಹಿತಿಯ ವಿಷಯದಲ್ಲಿ. ಟೆಕ್ಸಾಸ್‌ನ ಬೇರು, ಆಸ್ಟ್ರೇಲಿಯಾದ ಎಣ್ಣೆ, ಇಸ್ರೇಲಿನ ಪೈಪು ಉಮದಿ ಮುಟ್ಟಿವೆ. ಔಷಧಿ ಡಬ್ಬಿಯ ಎಚ್ಚರಿಕೆ ಮಾತ್ರ ಅದನ್ನು ಹಚ್ಚುವ ಕೂಲಿಯಾಳಿನ ಮಾತಿನಲ್ಲಿ ಇನ್ನೂ ಮುಟ್ಟಬೇಕಿದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ವಿಜಯಪುರದ ಹತ್ತಿರ ತಿಡಗುಂದಿಯಲ್ಲಿ ಸಂಶೋಧನಾ ಕೇಂದ್ರವಿದೆ. ದ್ರಾಕ್ಷಿಯ ಬಗ್ಗೆ ಮಾಂಜರಿಯವರಿಗೆ ಗೊತ್ತಿಲ್ಲದ್ದು ಕಡಿಮೆ. ಎರಡೂ ಕಡೆಯವರು ಕೂಡಿ, ಅಕ್ಟೋಬರ್ ಚಾಟ್ನಿಗೆ ಮೊದಲು ಉಮದಿಯಲ್ಲೋ ಸಂಖದಲ್ಲೋ ಕನ್ನಡದಲ್ಲಿ ಒಂದು ದಿನದ ತರಬೇತಿ ನಡೆಸಲಿ. ಬೆಳೆಗಾರರ ಜೊತೆ ಕೂಲಿಕಾರರನ್ನೂ ಕರೆಯಲಿ.