ತೆಂಗಿನ ತಲೆ ಮೀರಿದ ಗೋಪುರ

ತಿರುವನಂತಪುರದ ಈಸ್ಟ್ ಫೋರ್ಟ್‌ನಲ್ಲಿ ಬಸ್ಸಿಳಿದು ಕೋಟೆ ಬಾಗಿಲು ದಾಟಿದರೆ, ಹಂಪಿ ಕಂಡವರಿಗೆ ಪರಿಚಿತ ಆಕಾರವೊಂದು ಎದುರಾಗುತ್ತದೆ: ಪದ್ಮನಾಭಸ್ವಾಮಿ ದೇವಾಲಯದ ಏಳು ನೆಲೆಯ ಗೋಪುರ, ಎತ್ತರ ಸುಮಾರು 100 ಅಡಿ. ಪಕ್ಕದ ಪದ್ಮತೀರ್ಥದ ನೀರು ಅಲುಗದಿದ್ದರೆ ಅದು ಎರಡಾಗಿ ಕಾಣುತ್ತದೆ.

ತಮಿಳು ನಾಡಿನಲ್ಲಿ ಇದು ವಿಶೇಷವಲ್ಲ. ಕೇರಳದಲ್ಲಿ ಹೌದು. ಉಡುಪಿ, ಕಾಸರಗೋಡಿನಂತೆ ಇಲ್ಲಿನ ಗುಡಿಗಳನ್ನೂ ರೂಪಿಸಿದ್ದು ಮಳೆ. ಇಳಿಜಾರು ಮಾಡು, ಮರದ ಪಕ್ಕಾಸು, ಮೇಲೆ ಹಂಚು ಇಲ್ಲವೇ ತಾಮ್ರದ ಹೊದಿಕೆ. ತಲೆಯೆತ್ತಿ ನೋಡಬೇಕಾದದ್ದು ಕೊಡಿಮರವೊಂದನ್ನೇ. ಮಲಬಾರ್ ಕರಾವಳಿಯಲ್ಲಿ ಹಂಚು ಕೂಡ ಬಹುಕಾಲ ದೇವರಿಗೆ, ಅರಸರಿಗೆ ಮೀಸಲು. ಉಳಿದವರಿಗೆ ತೆಂಗಿನ ಗರಿ, ಹುಲ್ಲು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲಷ್ಟೇ ಸಾಮಾನ್ಯರ ಮಾಡಿನ ಬಣ್ಣ ಬದಲಾಗತೊಡಗಿದ್ದು.

ಅಂಥ ತಗ್ಗು ಊರಿನಲ್ಲಿ ಗೋಪುರಕ್ಕೆ ತಳಪಾಯ ಬಿದ್ದದ್ದು 1566ರಲ್ಲಿ. ಕೆಲಸ ಮುಂದುವರಿಯಲು ತಿರುವಾಂಕೂರಿನ ಅರಸ ಮಾರ್ತಾಂಡವರ್ಮನ ಕಾಲ ಬರಬೇಕಾಯಿತು. ಮುಗಿದದ್ದು ಆತನ ಉತ್ತರಾಧಿಕಾರಿ ಧರ್ಮರಾಜನ ಆಳ್ವಿಕೆಯಲ್ಲಿ. 1750ರ ಜನವರಿಯಲ್ಲಿ ಮಾರ್ತಾಂಡವರ್ಮ ಇಡೀ ರಾಜ್ಯವನ್ನೇ ಪದ್ಮನಾಭನಿಗೆ ಅರ್ಪಿಸಿ ‘ಪದ್ಮನಾಭದಾಸ’ನೆಂಬ ಹೆಸರಿನಲ್ಲಿ ಆಳಿದ. ತಿರುವಾಂಕೂರಿನ ಒಡೆಯ ಯಾರೆಂದು ಓದುಬರಹ ಬಾರದವನಿಗೂ ದೂರದಿಂದಲೇ ತಿಳಿಸುವ ಕೆಲಸ ಈ ಕಲ್ಲು ಗಾರೆಗಳದ್ದಾಯಿತು.

ಕಾಣುವುದೇ ಬೇರೆ, ಒಳಗೆ ಹೋಗುವುದೇ ಬೇರೆ. 1936ರ ನವೆಂಬರ್ 12ರಂದು ದೇವಾಲಯ ಪ್ರವೇಶದ ಘೋಷಣೆ ಹೊರಡುವವರೆಗೆ ಕೆಳಜಾತಿಯವರೆನಿಸಿಕೊಂಡ ಲಕ್ಷಾಂತರ ಮಂದಿಗೆ ಆ ಬಾಗಿಲು ಮುಚ್ಚಿತ್ತು. ಮುಗಿಲಿಗೆ ಮುಖವೊಡ್ಡಿದ ಗೋಪುರ ಮಾತ್ರ ಯಾರ ಕಣ್ಣಿಗೂ ಅಡ್ಡಿ ಹೇಳಲಾರದಿತ್ತು. ಇಂದು ವಿಷುವದ ದಿನಗಳ ಸಂಜೆ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಮುಳುಗುವ ಸೂರ್ಯ ಅದರ ನೆಲೆಗಳ ಬಾಗಿಲುಗಳಲ್ಲಿ ಒಂದೊಂದಾಗಿ ಇಳಿಯುವುದನ್ನು ನೋಡಲು ಜನ ಬೀದಿಯಲ್ಲೇ ನೆರೆಯುತ್ತಾರೆ.

ಕೊಚ್ಚಿಯ ಎತ್ತರದ ಲೆಕ್ಕ ಬೇರೆ. ಅದು ಕಾಳುಮೆಣಸಿನ ಬಂದರು. ಮಟ್ಟಾಂಚೇರಿಯ ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಅದರ ಪಕ್ಕ ವರ್ತಕ ಎಜೆಕಿಯೆಲ್ ರಹಬಿ 1760ರಲ್ಲಿ ನಿಲ್ಲಿಸಿದ ಗಡಿಯಾರದ ಗೋಪುರ 45 ಅಡಿಯಷ್ಟೇ. ಆದರೂ ಅದು ಊರನ್ನು ಅರ್ಥ ಮಾಡಿಕೊಂಡ ಕಟ್ಟಡ. ಸಿನಗಾಗ್‌ನತ್ತ ಹೀಬ್ರೂ ಅಂಕಿ, ಅರಸರ ಅರಮನೆಯತ್ತ ಮಲಯಾಳದ ಅಂಕಿ, ಇನ್ನೊಂದು ಮುಖಕ್ಕೆ ರೋಮನ್ ಅಂಕಿ. ಒಂದೇ ಹೊತ್ತನ್ನು ಅವರವರ ಲಿಪಿಯಲ್ಲಿ ಓದಿಕೊಳ್ಳಬಹುದಿತ್ತು. ಕೋಟೆ ಕೊಚ್ಚಿಯಲ್ಲಿ ಪೋರ್ಚುಗೀಸರ ಸಾಂತಾಕ್ರೂಜ್ ಇಗರ್ಜಿಯನ್ನು ಡಚ್ಚರು ಮದ್ದುಗುಂಡಿನ ಕೋಠಿ ಮಾಡಿಕೊಂಡರು, 1795ರಲ್ಲಿ ಊರು ಹಿಡಿದ ಬ್ರಿಟಿಷರು ಕೆಡವಿದರು. ಈಗಿನ ಜೋಡಿ ಶಿಖರದ ಇಗರ್ಜಿ ಪ್ರತಿಷ್ಠೆಯಾದದ್ದು 1905ರಲ್ಲಿ.

ತಿರುವನಂತಪುರದ ದೇವರ ಮೂಲಸ್ಥಾನವೆಂದು ಐತಿಹ್ಯ ಹೇಳುವ ಜಾಗ ಇರುವುದು ಕನ್ನಡದ ಮಗ್ಗುಲಲ್ಲೇ, ಕಾಸರಗೋಡಿನ ಕುಂಬಳೆ ಬಳಿಯ ಅನಂತಪುರದಲ್ಲಿ. ಅಲ್ಲಿ ಗುಡಿ ಕೆರೆಯ ನಡುವಿನದು, ಸುತ್ತ ಮುರಕಲ್ಲಿನ ಬಯಲು. ದರ್ಶನಕ್ಕೆ ಕತ್ತೆತ್ತಬೇಕಿಲ್ಲ, ಮೆಟ್ಟಿಲು ಇಳಿಯಬೇಕು.