ಸ್ಟಾರ್ ವಾರ್ಸ್ ಒಂಬತ್ತನೇ ಅಧ್ಯಾಯ: ವಿಮರ್ಶಕರಿಗೆ ಬೇಡವಾದದ್ದು ಅಭಿಮಾನಿಗಳಿಗೆ ಇಷ್ಟವಾಯಿತೇ? ಅಂಕಗಳ ಹಿಂದಿನ ಕಥೆ ಇದು

ಜಾರ್ಜ್ ಲ್ಯೂಕಸ್ 1977ರಲ್ಲಿ ಶುರು ಮಾಡಿದ 'ಸ್ಟಾರ್ ವಾರ್ಸ್' ಬಾಹ್ಯಾಕಾಶ ಕಥೆ 42 ವರ್ಷಗಳ ಬಳಿಕ ಒಂಬತ್ತನೇ ಅಧ್ಯಾಯದೊಂದಿಗೆ ಮುಗಿಯಿತು. ಜೆ.ಜೆ. ಅಬ್ರಾಮ್ಸ್ ನಿರ್ದೇಶನದ 'ದ ರೈಸ್ ಆಫ್ ಸ್ಕೈವಾಕರ್' 2019ರ ಡಿಸೆಂಬರ್ 20ರಂದು ತೆರೆಕಂಡಿತು. ಭಾರತದಲ್ಲಿ ಅದೇ ದಿನ ಸಲ್ಮಾನ್ ಖಾನ್ ಮತ್ತು ಕಿಚ್ಚ ಸುದೀಪ್ ಅಭಿನಯದ 'ದಬಂಗ್ 3' ಕೂಡ ಬಿಡುಗಡೆಯಾಗಿದ್ದರಿಂದ ಇಲ್ಲಿ ಇದರ ಸದ್ದು ಕಡಿಮೆಯಿತ್ತು. ಆದರೆ ಅಮೆರಿಕದಲ್ಲಿ ಈ ಚಿತ್ರದ ಕುರಿತು ದೊಡ್ಡ ಜಗಳವೇ ನಡೆಯಿತು.

ಅದಕ್ಕೂ ಎರಡು ವರ್ಷ ಮೊದಲು ಬಂದ 'ದ ಲಾಸ್ಟ್ ಜೇಡೈ' ಚಿತ್ರವನ್ನು ವಿಮರ್ಶಕರು ಹೊಗಳಿದ್ದರು, ಅಭಿಮಾನಿಗಳಲ್ಲಿ ಒಂದು ವರ್ಗ ಸಿಡಿದೆದ್ದಿತ್ತು. ಈ ಬಾರಿ ಎಲ್ಲವೂ ತಲೆಕೆಳಗಾದಂತೆ ಕಂಡಿತು. ನಿಜವಾಗಿ ಆಗಿದ್ದೇನು?

(ಗಮನಿಸಿ: ಮುಂದೆ ಎರಡೂ ಚಿತ್ರಗಳ ಕಥೆಯ ಗುಟ್ಟುಗಳಿವೆ. ಸಿನಿಮಾ ನೋಡದವರು ನೋಡಿದ ಮೇಲೆ ಓದುವುದು ಒಳ್ಳೆಯದು.)

ಜಗಳ ಶುರುವಾಗಿದ್ದು ಎಲ್ಲಿಂದ?

ಲ್ಯೂಕಸ್‌ಫಿಲ್ಮ್ ಸಂಸ್ಥೆಯನ್ನು ಡಿಸ್ನಿ 2012ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಖರೀದಿಸಿತು. 2015ರಲ್ಲಿ ಅಬ್ರಾಮ್ಸ್ ಅವರದೇ 'ದ ಫೋರ್ಸ್ ಅವೇಕನ್ಸ್' ಬಂತು. ಹಳೆಯ ಚಿತ್ರಗಳ ಜಾಡನ್ನೇ ಹಿಡಿದಿದ್ದ ಅದು ಜಗತ್ತಿನಾದ್ಯಂತ 200 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ನಾಯಕಿ ರೇ ಯಾರ ಮಗಳು ಎಂಬ ಪ್ರಶ್ನೆಯನ್ನು ಮಾತ್ರ ಉಳಿಸಿ ಹೋಯಿತು.

2017ರ 'ದ ಲಾಸ್ಟ್ ಜೇಡೈ' ನಿರ್ದೇಶಕ ರಿಯಾನ್ ಜಾನ್ಸನ್ ಆ ಪ್ರಶ್ನೆಗೆ ಕೊಟ್ಟ ಉತ್ತರ ಯಾರೂ ನಿರೀಕ್ಷಿಸದ್ದು: ರೇ ಯಾರ ಮಗಳೂ ಅಲ್ಲ. ಅವಳ ಅಪ್ಪ, ಅಮ್ಮ ಹೆಸರಿಲ್ಲದ ಸಾಮಾನ್ಯರು. ಶಕ್ತಿ ಬರಲು ದೊಡ್ಡ ವಂಶದಲ್ಲಿ ಹುಟ್ಟಬೇಕಿಲ್ಲ ಎಂಬುದು ಚಿತ್ರದ ಮಾತು. ಅದರ ಜೊತೆಗೆ, ಹಳೆಯ ಚಿತ್ರಗಳ ವೀರ ಲ್ಯೂಕ್ ಸ್ಕೈವಾಕರ್ ಇಲ್ಲಿ ಎಲ್ಲರಿಂದ ದೂರವಾಗಿ ದ್ವೀಪವೊಂದರಲ್ಲಿ ಅಡಗಿ ಕೂತ ಸೋತ ಮುದುಕ. ತನ್ನ ಹಳೆಯ ಬೆಳಕಿನ ಖಡ್ಗವನ್ನು ರೇ ತಂದುಕೊಟ್ಟರೆ ಬೆನ್ನ ಹಿಂದೆ ಎಸೆದುಬಿಡುತ್ತಾನೆ.

ವಿಮರ್ಶಕರಿಗೆ ಇದು ಹೊಸತನವಾಗಿ ಕಂಡಿತು. ಲ್ಯೂಕ್‌ನನ್ನು ನೋಡುತ್ತಲೇ ಬೆಳೆದ ಹಲವರಿಗೆ ಅವಮಾನ ಅನ್ನಿಸಿತು. ಲ್ಯೂಕ್ ಪಾತ್ರಧಾರಿ ಮಾರ್ಕ್ ಹ್ಯಾಮಿಲ್ ಅವರೇ ಮೊದಲು ಬಹಿರಂಗವಾಗಿ ಭಿನ್ನಾಭಿಪ್ರಾಯ ಹೇಳಿ, ಆಮೇಲೆ ಹಾಗೆ ಹೇಳಬಾರದಿತ್ತು ಎಂದು ವಿಷಾದಿಸಿದರು.

ಹೊಸ ಚಿತ್ರ ಮಾಡಿದ್ದೇನು?

'ದ ರೈಸ್ ಆಫ್ ಸ್ಕೈವಾಕರ್' ಹಿಂದಿನ ಚಿತ್ರದ ಮುಖ್ಯ ತಿರುವುಗಳನ್ನು ಒಂದೊಂದಾಗಿ ಬದಲಿಸಿದೆ. ರೇ ಸಾಮಾನ್ಯರ ಮಗಳಲ್ಲ, ಖಳ ಚಕ್ರವರ್ತಿ ಪಾಲ್ಪಟೀನ್‌ನ ಮೊಮ್ಮಗಳು ಎಂದಿದೆ. ರೇ ಬೇಸರದಿಂದ ಖಡ್ಗ ಎಸೆದಾಗ ತೀರಿಹೋದ ಲ್ಯೂಕ್ ಆತ್ಮರೂಪದಲ್ಲಿ ಬಂದು ಅದನ್ನು ಹಿಡಿಯುತ್ತಾನೆ, ಆಯುಧಕ್ಕೆ ಗೌರವ ಕೊಡಬೇಕೆಂದು ಬುದ್ಧಿ ಹೇಳುತ್ತಾನೆ.

ಕರ್ಣನ ಕಥೆ ಕೇಳಿ ಬೆಳೆದ ನಮಗೆ ಈ ಚರ್ಚೆ ಹೊಸದಲ್ಲ. ಯಾರದೋ ಮನೆಯಲ್ಲಿ ಬೆಳೆದ ವೀರ ಕೊನೆಗೆ ರಾಜವಂಶದವನೇ ಎಂದು ತಿಳಿದಾಗ ಆತನ ಸಾಧನೆಯ ಬೆಲೆ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಹುಟ್ಟನ್ನು ಮೀರಿ ತನ್ನ ದಾರಿಯನ್ನು ರೇ ತಾನೇ ಆರಿಸಿಕೊಂಡಳು ಎಂದು ಚಿತ್ರದ ಪರ ಇರುವವರು ಹೇಳುತ್ತಾರೆ. 'ಯಾರು ಬೇಕಾದರೂ ವೀರರಾಗಬಹುದು' ಎಂಬ ಮಾತನ್ನು ಅಭಿಮಾನಿಗಳ ಕೋಪಕ್ಕೆ ಹೆದರಿ ವಾಪಸ್ ಪಡೆಯಲಾಗಿದೆ ಎನ್ನುವುದು ವಿಮರ್ಶಕರ ಆಕ್ಷೇಪ.

ಅಂಕಗಳು ಹೇಳುವುದೇನು?

ವಿಮರ್ಶೆಗಳನ್ನು ಒಟ್ಟುಗೂಡಿಸುವ 'ರಾಟನ್ ಟೊಮ್ಯಾಟೋಸ್' ತಾಣದಲ್ಲಿ 'ದ ಲಾಸ್ಟ್ ಜೇಡೈ'ಗೆ ವಿಮರ್ಶಕರಿಂದ ಶೇ 90ಕ್ಕೂ ಹೆಚ್ಚು, ಪ್ರೇಕ್ಷಕರಿಂದ ಶೇ 50ಕ್ಕೂ ಕಡಿಮೆ ಸಿಕ್ಕಿತ್ತು. ಹೊಸ ಚಿತ್ರಕ್ಕೆ ವಿಮರ್ಶಕರ ಅಂಕ ಶೇ 60ರ ಕೆಳಗಿದೆ, ಪ್ರೇಕ್ಷಕರದ್ದು ಶೇ 86.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಶೇ 90 ಎಂದರೆ ಹತ್ತಕ್ಕೆ ಒಂಬತ್ತು ಅಂಕ ಅಲ್ಲ. ನೂರರಲ್ಲಿ 90 ವಿಮರ್ಶಕರು 'ಪರವಾಗಿಲ್ಲ, ನೋಡಬಹುದು' ಎಂದಷ್ಟೇ ಹೇಳಿದರೂ ಆ ಅಂಕ ಬರುತ್ತದೆ.

ಎರಡು, ಪ್ರೇಕ್ಷಕರ ಅಂಕ ಲೆಕ್ಕ ಹಾಕುವ ರೀತಿಯೇ ಈ ನಡುವೆ ಬದಲಾಗಿದೆ. 2017ರಲ್ಲಿ ಸಿನಿಮಾ ನೋಡದವರೂ ಅಂಕ ಕೊಡಬಹುದಿತ್ತು. 2019ರ ಮೇ ತಿಂಗಳಿನಿಂದ ಟಿಕೆಟ್ ಖರೀದಿ ಖಾತ್ರಿಯಾದವರ ಅಂಕವನ್ನೇ ತಾಣ ಮುಖ್ಯವಾಗಿ ತೋರಿಸುತ್ತಿದೆ. ಹೀಗಾಗಿ ಎರಡೂ ಚಿತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತಾಗುವುದಿಲ್ಲ.

ಬಿಡುಗಡೆಯ ದಿನ ಚಿತ್ರಮಂದಿರದಲ್ಲೇ ಪ್ರೇಕ್ಷಕರ ಅಭಿಪ್ರಾಯ ಕೇಳುವ 'ಸಿನಿಮಾಸ್ಕೋರ್' ಸಂಸ್ಥೆಯ ಫಲಿತಾಂಶ ಬೇರೆಯದೇ ಕಥೆ ಹೇಳುತ್ತದೆ. ಅಭಿಮಾನಿಗಳು ತಿರಸ್ಕರಿಸಿದರು ಎನ್ನಲಾದ 'ದ ಲಾಸ್ಟ್ ಜೇಡೈ'ಗೆ ಅಲ್ಲಿ ಸಿಕ್ಕಿದ್ದು 'ಎ'. ಅವರನ್ನು ಒಲಿಸಿಕೊಳ್ಳಲು ಮಾಡಿದ್ದು ಎನ್ನಲಾಗುವ ಹೊಸ ಚಿತ್ರಕ್ಕೆ ಸಿಕ್ಕಿದ್ದು 'ಬಿ ಪ್ಲಸ್'.

ಗಲ್ಲಾಪೆಟ್ಟಿಗೆಯೂ ಇದನ್ನೇ ಹೇಳಿತು. ಉತ್ತರ ಅಮೆರಿಕದಲ್ಲಿ ಮೊದಲ ವಾರಾಂತ್ಯದ ಗಳಿಕೆ 2015ರಲ್ಲಿ ಸುಮಾರು 24.8 ಕೋಟಿ ಡಾಲರ್, 2017ರಲ್ಲಿ 22 ಕೋಟಿ. 2019ರಲ್ಲಿ 17.7 ಕೋಟಿ.

ಕೂಗಾಡಿದವರು ಎಷ್ಟು ಮಂದಿ?

'ದ ಲಾಸ್ಟ್ ಜೇಡೈ'ಯನ್ನು ಅಧಿಕೃತ ಕಥೆಯಿಂದಲೇ ಕೈಬಿಡಬೇಕೆಂಬ ಆನ್‌ಲೈನ್ ಮನವಿಗೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತ್ತು. ಆದರೆ ಸಂಶೋಧಕ ಮಾರ್ಟೆನ್ ಬೇ 2018ರಲ್ಲಿ ನಿರ್ದೇಶಕ ಜಾನ್ಸನ್‌ಗೆ ಬಂದ 967 ಟ್ವೀಟ್‌ಗಳನ್ನು ಪರಿಶೀಲಿಸಿದಾಗ ಚಿತ್ರವನ್ನು ತೆಗಳಿದ್ದವು ಸುಮಾರು ಶೇ 22 ಮಾತ್ರ. ಅವುಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವು ರಾಜಕೀಯ ಉದ್ದೇಶದ ಖಾತೆಗಳು, ಟ್ರೋಲ್‌ಗಳು ಅಥವಾ ಬಾಟ್‌ಗಳಿಂದ ಬಂದಂತಿದ್ದವು.

ಉಳಿದವರು ನಿಜವಾದ ಅಭಿಮಾನಿಗಳು, ಅವರ ಬೇಸರವೂ ನಿಜ. ಚಿತ್ರ ಇಷ್ಟವಾಗಲಿಲ್ಲ ಎನ್ನುವುದು ಪ್ರೇಕ್ಷಕರ ಹಕ್ಕು. ಆದರೆ ಗಲಾಟೆಯ ಸದ್ದು ನೋಡಿ ಎಲ್ಲ ಅಭಿಮಾನಿಗಳೂ ಹೀಗೇ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಬೆಲೆ ತೆತ್ತವರು ಯಾರು?

'ದ ಲಾಸ್ಟ್ ಜೇಡೈ'ಯಲ್ಲಿ ರೋಸ್ ಟಿಕೋ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ವಿಯೆಟ್ನಾಂ ಮೂಲದ ಕುಟುಂಬದವರು. ಜನಾಂಗೀಯ ನಿಂದನೆ, ಕೀಳು ಮಾತುಗಳ ಸುರಿಮಳೆಗೆ ಬೇಸತ್ತು 2018ರ ಜೂನ್‌ನಲ್ಲಿ ಅವರು ಇನ್‌ಸ್ಟಾಗ್ರಾಂ ಪೋಸ್ಟ್‌ಗಳನ್ನೆಲ್ಲ ಅಳಿಸಿಹಾಕಿದರು. ಆ ನಿಂದನೆಯನ್ನು ತಾನೇ ನಂಬತೊಡಗಿದ್ದೆ ಎಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಬರೆದುಕೊಂಡರು.

ಹಿಂದಿನ ಚಿತ್ರದ ಮುಖ್ಯ ಪಾತ್ರಗಳಲ್ಲಿ ಒಂದಾಗಿದ್ದ ರೋಸ್, ಸುಮಾರು ಎರಡು ಗಂಟೆ 20 ನಿಮಿಷದ ಹೊಸ ಚಿತ್ರದಲ್ಲಿ ಪರದೆಯ ಮೇಲಿರುವುದು ಎರಡು ನಿಮಿಷಕ್ಕೂ ಕಡಿಮೆ. ನಿಧನರಾದ ಕ್ಯಾರಿ ಫಿಶರ್ ಅವರ ಹಳೆಯ ದೃಶ್ಯಗಳೊಂದಿಗೆ ರೋಸ್ ಪಾತ್ರವನ್ನು ಹೊಂದಿಸುವುದು ಕಷ್ಟವಾಯಿತು ಎಂಬುದು ಸಹಲೇಖಕ ಕ್ರಿಸ್ ಟೆರಿಯೊ ನೀಡಿರುವ ಕಾರಣ. ಆದರೆ ನಿಂದಿಸಿದವರೇ ಗೆದ್ದಂತಾಯಿತು ಎಂಬ ನೋವು ಆ ಪಾತ್ರವನ್ನು ಮೆಚ್ಚಿದವರಲ್ಲಿ ಉಳಿದಿದೆ.

ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಇನ್ನೂ ನಡೆಯುತ್ತದೆ, ನಡೆಯಲಿ. ಮೊಬೈಲ್‌ನಲ್ಲಿ ಕಾಣುವ ಒಂದು ಶೇಕಡಾವಾರು ಅಂಕವನ್ನು ನೋಡಿ ಟಿಕೆಟ್ ತೆಗೆದುಕೊಳ್ಳುವ ಮುನ್ನ, ಅದನ್ನು ಕೊಟ್ಟವರು ಯಾರು ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.