ನಂಜನಗೂಡು ಟು ನರಸೀಪುರ: ಒಂದು ವಾಚ್ ಪಾರ್ಟಿಯ ಒಳಗುಟ್ಟು

ನಮ್ಮ ಗ್ಯಾಂಗ್‌ನಲ್ಲಿ ನಾಲ್ಕು ಜನ. ಮೂವರು ನಂಜನಗೂಡಿನವರು, ದಿನಾ ರೈಲು ಹತ್ತಿ ಮೈಸೂರಿಗೆ ಕಾಲೇಜಿಗೆ ಬರ್ತೀವಿ. ನಾಲ್ಕನೆಯವನದ್ದು ಟಿ. ನರಸೀಪುರ. ಅಲ್ಲಿಗೆ ರೈಲಿಲ್ಲ, ಅವನಿಗೆ ಬಸ್ಸೇ ಗತಿ. ಮೂರನೇ ಸೆಮಿಸ್ಟರ್ ಮಧ್ಯದಲ್ಲಿ ಬೈಕ್ ಸ್ಕಿಡ್ ಆಗಿ ಅವನ ಕಾಲು ಮುರೀತು. ಆರು ವಾರ ಮನೆ ಬಿಟ್ಟು ಕದಲಬಾರದು ಅಂದ್ರು ಡಾಕ್ಟರ್. ನೋಟ್ಸ್ ಏನೋ ಫೋಟೋ ತೆಗೆದು ಕಳಿಸ್ತಿದ್ವಿ. ಆದರೆ ಇಂಟರ್ನಲ್ಸ್ ಮುಗಿದ ದಿನ ನಾಲ್ವರೂ ಸಿನಿಮಾಗೆ ಹೋಗೋದು ನಮ್ಮ ಪದ್ಧತಿ. ಅವನನ್ನ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ. ಹಾಗಾಗಿ ಶನಿವಾರ ರಾತ್ರಿ ಅವರವರ ಮನೆಯಿಂದಲೇ ಎಲ್ಲರೂ ಒಟ್ಟಿಗೆ ನೋಡೋಣ ಅಂತ ತೀರ್ಮಾನ ಮಾಡಿದ್ವಿ. ಮೊದಲ ಸಿನಿಮಾ 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’. ನಮ್ಮಲ್ಲಿ ಒಬ್ಬರೂ ಹಾಸ್ಟೆಲ್‌ನಲ್ಲಿಲ್ಲ, ಅದು ಬೇರೆ ವಿಷಯ.

ನಾವು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡೋದೇ. ವೀಡಿಯೋ ಕಾಲ್ ಮಾಡಿ ಒಬ್ಬ ಸ್ಕ್ರೀನ್ ಶೇರ್ ಕೊಟ್ಟ. ಉಳಿದವರಿಗೆ ಮಾತು ಕೇಳ್ತಿದೆ, ಚಿತ್ರದ ಜಾಗದಲ್ಲಿ ಬರೀ ಕಪ್ಪು ಚೌಕ. ಲ್ಯಾಪ್‌ಟಾಪ್ ಕೆಟ್ಟಿದೆ ಅಂತ ಬೈದ್ವಿ, ಪಾಪ ಅದರ ತಪ್ಪೇನಿರಲಿಲ್ಲ. ಓಟಿಟಿಯ ಸಿನಿಮಾ ನಮಗೆ ಬರೋದು ಬೀಗ ಹಾಕಿದ ರೂಪದಲ್ಲಿ. ಈ ಏರ್ಪಾಡಿಗೆ ಡಿಆರ್‌ಎಂ ಅಂತಾರೆ. ಗೂಗಲ್‌ನ ವೈಡ್‌ವೈನ್ ಅಂಥದ್ದೊಂದು. ಕೀಲಿ ತೆರೆದ ಮೇಲೂ ಚಿತ್ರ ಸಂರಕ್ಷಿತ ದಾರಿಯಲ್ಲೇ ಪರದೆಗೆ ಹೋಗುತ್ತೆ, ಸ್ಕ್ರೀನ್ ಶೇರ್ ಮಾಡೋ ಸಾಫ್ಟ್‌ವೇರ್‌ ಕೈಗೆ ಸಿಗಲ್ಲ. ಅಂದ್ರೆ ಪ್ರತಿಯೊಬ್ಬರೂ ತಮ್ಮ ತಮ್ಮ ಚಂದಾದಲ್ಲೇ ನೋಡಬೇಕು.

ಸರಿ, ಎಲ್ಲರೂ ಫೋನ್ ಕಾನ್ಫರೆನ್ಸ್ ಹಾಕಿ, ‘ಮೂರು, ಎರಡು, ಒಂದು’ ಅಂತ ಎಣಿಸಿ ಒಟ್ಟಿಗೆ ಪ್ಲೇ ಒತ್ತಿದ್ವಿ. ಮಾಮೂಲಿ ಫೋನ್ ಕಾಲ್ ಆದ್ದರಿಂದ ಡೇಟಾ ಖರ್ಚೂ ಇಲ್ಲ. ಮೊದಲ ಹತ್ತು ನಿಮಿಷ ಅದ್ಭುತ. ನಾವು ನಗ್ತೀವಿ, ಅವನೂ ನಗ್ತಾನೆ. ಎರಡು ಶನಿವಾರ ಹೀಗೇ ಕಳೀತು. ಮೂರನೇ ವಾರ ಒಂದು ಡೈಲಾಗ್ ಸರಿಯಾಗಿ ಕೇಳಿಸಲಿಲ್ಲ ಅಂತ ‘ಈಗ ಏನಂದ ಕಣೋ?’ ಅಂತ ಅವನನ್ನ ಕೇಳಿದ್ವಿ. ಸುಮ್ಮನಿದ್ದ. ಆಮೇಲೆ ಮೆಲ್ಲಗೆ, ‘ಮಗಾ, ನಂಗೆ ಆ ಸೀನ್ ಇನ್ನೂ ಬಂದೇ ಇಲ್ಲ. ನೀವು ನಕ್ರಲ್ಲ, ಅದಕ್ಕೇ ನಕ್ಕೆ’ ಅಂದ.

ಎರಡು ವಾರದಿಂದ ಅವನು ನಮ್ಮ ನಗುವಿಗೆ ನಗ್ತಾ ಇದ್ದ, ಸಿನಿಮಾಗಲ್ಲ. ಪದೇ ಪದೇ ನಿಲ್ಲಿಸಿದ್ರೆ ನಮ್ಮ ಮಜಾ ಹಾಳಾಗುತ್ತೆ ಅಂತ ಬಾಯಿ ಬಿಟ್ಟಿರಲಿಲ್ಲ. ಇದನ್ನ ಹೇಗಾದರೂ ಸರಿ ಮಾಡಲೇಬೇಕು ಅಂತ ಒಳಗೆ ಏನು ನಡೆಯುತ್ತೆ ಅಂತ ಓದೋಕೆ ಕೂತ್ವಿ.

ನಂಜನಗೂಡಿಗೂ ನರಸೀಪುರಕ್ಕೂ ಮೂವತ್ತು ಚಿಲ್ಲರೆ ಕಿಲೋಮೀಟರ್. ಗಾಜಿನ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ನಮ್ಮಿಬ್ಬರ ಊರಿಗೆ ನೇರ ಫೈಬರ್ ಎಳೆದ್ರೆ ಒಂದು ಸೆಕೆಂಡಿನ ಆರು ಸಾವಿರದಲ್ಲೊಂದು ಭಾಗ ಸಾಕು. ಕಪಿಲೆ ನಮ್ಮೂರಿಂದ ಹರಿದು ಅಲ್ಲಿ ಕಾವೇರಿ ಸೇರೋಕೆ ಎಷ್ಟು ಹೊತ್ತು ಬೇಕೋ, ಡೇಟಾಗೆ ಆ ಕಷ್ಟ ಇಲ್ಲ. ಹಾಗಾದ್ರೆ ಅವನು ಹಿಂದೆ ಬೀಳೋದು ಯಾಕೆ? ದೂರದಿಂದಲ್ಲ, ಬಫರ್‌ನಿಂದ. ಸಿನಿಮಾ ಇಡಿಯಾಗಿ ಬರಲ್ಲ, ಕೆಲವೇ ಸೆಕೆಂಡುಗಳ ತುಂಡು ತುಂಡಾಗಿ ಬರುತ್ತೆ. ಪ್ಲೇಯರ್ ಮುಂದಿನ ತುಂಡುಗಳನ್ನ ಮೊದಲೇ ತರಿಸಿ ಇಟ್ಟುಕೊಂಡಿರುತ್ತೆ. ನೆಟ್‌ವರ್ಕ್ ವೀಕ್ ಆಗಿ ಆ ದಾಸ್ತಾನು ಖಾಲಿಯಾದ್ರೆ ಚಕ್ರ ತಿರುಗೋಕೆ ಶುರು. ಒಮ್ಮೆ ಎಂಟು ಸೆಕೆಂಡ್ ನಿಂತ್ರೆ, ಆ ಎಂಟು ಸೆಕೆಂಡ್ ಕೊನೇವರೆಗೂ ಹಿಂದೆಯೇ. ಇನ್ನೊಮ್ಮೆ ನಿಂತ್ರೆ ಅದೂ ಸೇರ್ಕೊಳ್ಳುತ್ತೆ.

ಟೆಲಿಪಾರ್ಟಿಯಂಥ ವಾಚ್ ಪಾರ್ಟಿ ಎಕ್ಸ್‌ಟೆನ್ಷನ್‌ಗಳು ಮಾಡೋ ಕೆಲಸ ಇಲ್ಲಿದೆ. ಲಾಕ್‌ಡೌನ್ ಕಾಲದಲ್ಲಿ ‘ನೆಟ್‌ಫ್ಲಿಕ್ಸ್ ಪಾರ್ಟಿ’ ಅಂತ ಎಲ್ಲರ ಬಾಯಲ್ಲಿದ್ದದ್ದೇ ಆಮೇಲೆ ಟೆಲಿಪಾರ್ಟಿ ಆಯ್ತು. ಇದು ಒಬ್ಬರಿಂದ ಇನ್ನೊಬ್ಬರಿಗೆ ಸಿನಿಮಾ ಕಳಿಸುತ್ತೆ ಅಂತ ನಾವು ಅಂದ್ಕೊಂಡಿದ್ವಿ. ಇಲ್ಲ. ಓಡಾಡೋದು ಪುಟಾಣಿ ಸಂದೇಶ ಮಾತ್ರ: ‘ಪ್ಲೇ, 41 ನಿಮಿಷ 7 ಸೆಕೆಂಡ್’, ‘ಪಾಸ್’, ಅಷ್ಟೇ. ವಾಟ್ಸಾಪ್‌ನ ಗುಡ್ ಮಾರ್ನಿಂಗ್ ಫೋಟೋಗಿಂತ ಎಷ್ಟೋ ಚಿಕ್ಕದು. ಆ ಸಂದೇಶ ಬರೋ ಹೊತ್ತಿಗೆ ಸಿನಿಮಾ ಇನ್ನಷ್ಟು ಮುಂದೆ ಹೋಗಿರುತ್ತಲ್ಲ? ಅದಕ್ಕೆ ಒಂದು ಲೆಕ್ಕ ಇದೆ. ಸಂದೇಶ ಹೋಗಿ ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ಅಳೆದು, ಅದರ ಅರ್ಧ ಸೇರಿಸಿದ್ರೆ ಆಯ್ತು. ಕಂಪ್ಯೂಟರ್‌ಗಳ ಗಡಿಯಾರ ಹೊಂದಿಸೋ ಎನ್‌ಟಿಪಿಯ ಹಿಂದೆ ಇರೋದೂ ಇದೇ ಉಪಾಯ. ನೆಟ್‌ವರ್ಕ್ಸ್ ಪೇಪರ್‌ನಲ್ಲಿ ಎರಡು ಮಾರ್ಕ್ಸ್‌ಗೆ ಬಂದ್ರೂ ಬರಬಹುದು.

ಒಬ್ಬರ ಬಫರ್ ಖಾಲಿಯಾದ್ರೆ ಉಳಿದವರೂ ನಿಂತು ಕಾಯಬೇಕು ಅನ್ನೋದು ನಾವು ಹಾಕಿಕೊಂಡ ನಿಯಮ. ಅವನಿಗೆ ಅದು ಇಷ್ಟ ಆಗಲಿಲ್ಲ. ‘ನನ್ನಿಂದ ಎಲ್ರೂ ನಿಲ್ಲೋದು ಬೇಡ, ನೀವು ನೋಡ್ರೋ’ ಅಂದ. ಜಗಳ ಮಾಡೋ ಬದಲು ಕ್ಯಾಲ್ಕುಲೇಟರ್ ತೆಗೆದ್ವಿ. ಅವನದ್ದು ದಿನಕ್ಕೆ 1.5 ಜಿಬಿ ಪ್ಯಾಕ್. ಕ್ವಾಲಿಟಿ ‘ಆಟೋ’ದಲ್ಲಿದ್ರೆ ಸಿಗ್ನಲ್ ಚೆನ್ನಾಗಿದ್ದಾಗ ಪ್ಲೇಯರ್ ಆಸೆಬುರುಕನ ಹಾಗೆ ದೊಡ್ಡ ತುಂಡುಗಳನ್ನೇ ಎಳ್ಕೊಳ್ಳುತ್ತೆ. ಸೆಕೆಂಡಿಗೆ 3 ಮೆಗಾಬಿಟ್ ಅಂದ್ರೆ ಎರಡೂವರೆ ಗಂಟೆಗೆ 3.3 ಜಿಬಿ ದಾಟುತ್ತೆ. ಕ್ಲೈಮ್ಯಾಕ್ಸ್‌ಗೆ ಮುಂಚೆಯೇ ಕಥೆ ಮುಗೀತು. ಕ್ವಾಲಿಟಿ ಇಳಿಸಿ 2 ಮೆಗಾಬಿಟ್ ಒಳಗೆ ಇಟ್ಕೊಂಡ್ರೆ ಒಂದೂವರೆ ಗಂಟೆಗೆ 1.35 ಜಿಬಿ. ಪ್ಯಾಕ್ ಹೊಸದಾಗೋದು ರಾತ್ರಿ 12ಕ್ಕೆ. ಆದ್ದರಿಂದ 10.30ಕ್ಕೆ ಶುರು ಮಾಡಿದ್ರೆ ಅರ್ಧ ಸಿನಿಮಾ ಶನಿವಾರದ ಡೇಟಾ, ಉಳಿದರ್ಧ ಭಾನುವಾರದ್ದು. ಈ ಐಡಿಯಾ ಅವನದ್ದೇ. ಭಾನುವಾರ ರೀಲ್ಸ್‌ಗೆ ಬರ ಬಂತು ಅನ್ನೋದು ಬಿಟ್ರೆ ಪ್ಲಾನ್‌ನಲ್ಲಿ ದೋಷವಿಲ್ಲ.

ಸಿನಿಮಾಗಾದ್ರೆ ಇಷ್ಟು ಮಾಡಬಹುದು. ಲೈವ್ ಕ್ರಿಕೆಟ್‌ನ ಕಥೆಯೇ ಬೇರೆ. 2025ರ ಜೂನ್ 3, ಅಹಮದಾಬಾದ್‌ನಲ್ಲಿ ಐಪಿಎಲ್ ಫೈನಲ್. ಆರ್‌ಸಿಬಿ ಪಂಜಾಬನ್ನ 6 ರನ್‌ಗಳಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದ ರಾತ್ರಿ. ಅವತ್ತೂ ನಾಲ್ವರು ಕಾಲ್‌ನಲ್ಲಿದ್ವಿ, ಅವರವರ ಮೊಬೈಲ್‌ನಲ್ಲಿ ಮ್ಯಾಚ್. ಒಬ್ಬ ‘ಔಟ್!’ ಅಂತ ಕೂಗಿದಾಗ ಇನ್ನೊಬ್ಬನ ಮೊಬೈಲ್‌ನಲ್ಲಿ ಬೌಲರ್ ಇನ್ನೂ ಬಾಲ್ ಒರೆಸ್ತಾ ಇದ್ದ. ಬೀದಿಯವರಂತೂ ನಮಗಿಂತ ಮುಂಚೆ ಪಟಾಕಿ ಹೊಡೆದ್ರು, ಅವರ ಮನೇಲಿ ಡಿಶ್ ಟಿವಿ! ಆ್ಯಪಲ್‌ನ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಒಂದು ತುಂಡಿಗೆ 6 ಸೆಕೆಂಡ್ ಅಂತ ಶಿಫಾರಸು ಇದೆ. ಮೂರು ತುಂಡು ಕೈಯಲ್ಲಿಟ್ಕೊಂಡು ಶುರು ಮಾಡಿದ್ರೆ ಅಲ್ಲೇ 18 ಸೆಕೆಂಡ್ ಹೋಯ್ತು. ಎನ್‌ಕೋಡಿಂಗ್, ಸರ್ವರ್‌ನ ಹೊತ್ತು ಬೇರೆ. ಲೈವ್‌ನಲ್ಲಿ ಹಿಂದಿರೋನು ಮುಂದೆ ಹಾರೋದು ಕಷ್ಟ, ಯಾಕಂದ್ರೆ ಅವನ ಫೋನಿಗೆ ಮುಂದಿನ ತುಂಡು ಬಂದೇ ಇರಲ್ಲ. ಮುಂದಿರೋರೇ ಪಾಸ್ ಒತ್ತಿ ಹಿಂದಕ್ಕೆ ಬರಬೇಕು. ಓವರ್ ಮಧ್ಯದ ಬ್ರೇಕ್‌ನಲ್ಲಿ ಸ್ಕೋರ್‌ಬೋರ್ಡ್ ಬದಲಾಗೋ ಕ್ಷಣ ನೋಡಿ ಹೊಂದಿಸ್ಕೊಂಡ್ರೆ ಸಾಕು.

ರೇಡಿಯೋದಲ್ಲಿ ಈ ರಗಳೆಯೇ ಇರಲಿಲ್ಲ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರು ಮಾಡಿದಾಗ, ಅಲೆ ತಲುಪಿದ ಕಡೆಯೆಲ್ಲ ಎಲ್ಲರಿಗೂ ಒಂದೇ ಕ್ಷಣಕ್ಕೆ ಕೇಳ್ತಿತ್ತು. ಒಂದೇ ಅಲೆ, ಎಲ್ಲರಿಗೂ. ನಮ್ಮದು ಹಾಗಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಬುತ್ತಿ.

ಈಗ ಅವನ ಪ್ಲಾಸ್ಟರ್ ಬಿಚ್ಚಿದ್ದಾರೆ, ಕುಂಟುತ್ತಾ ಬಸ್ ಹತ್ತುತ್ತಾನೆ. ಶನಿವಾರದ ಸಿನಿಮಾ ಮಾತ್ರ ನಿಂತಿಲ್ಲ. ಕಾಯೋ ನಿಯಮವನ್ನ ಸ್ವಲ್ಪ ಬದಲಾಯಿಸಿದ್ದೀವಿ ಅಷ್ಟೇ: ಯಾರ ನೆಟ್‌ವರ್ಕ್ ಎಲ್ಲಕ್ಕಿಂತ ನಿಧಾನವೋ ಅವರೇ ಹೋಸ್ಟ್. ಅವರು ನಿಂತ್ರೆ ಎಲ್ಲರದ್ದೂ ತಾನಾಗೇ ನಿಲ್ಲುತ್ತೆ, ‘ನಿಲ್ಲಿಸ್ರೋ’ ಅಂತ ಯಾರೂ ಕೇಳಬೇಕಾಗಿಲ್ಲ. ಹೋದ ವಾರವೂ ಪ್ಲೇ ಒತ್ತಿದ್ದು ನರಸೀಪುರದವನೇ. ಎರಡು ಸಲ ನಿಂತ್ವಿ. ಒಂದು ಸಲ ನೆಟ್‌ವರ್ಕ್‌ಗೆ, ಇನ್ನೊಂದು ಸಲ ಅವರಮ್ಮ ಊಟಕ್ಕೆ ಕರೆದದ್ದಕ್ಕೆ.